ಆಕ್ಸಿಡೆಂಟು, ಗನ್ನು ತೆಗೆದ್ರೆ ಅಮೆರಿಕಾನೇ ಫಸ್ಟಾ?

ಪ್ರಶ್ನೆ: ಸರ್, ನಮ್ಮಣ್ಣನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಸರಾಸರಿ ಆಯಸ್ಸು ಕಡಿಮೆ ಇರೋದು ಬರೀ ಆಕ್ಸಿಡೆಂಟು, ಗುಂಡೇಟಿಂದ, ಅದನ್ನ ತೆಗೆದ್ರೆ ಎಲ್ಲಾ ದೇಶಕ್ಕಿಂತ ಅವ್ರೇ ಮುಂದೆ ಅಂತಾನೆ. ಹಾಗೆ ಸಾಯೋರು ಎಷ್ಟ್ ಜನ ಇರ್ತಾರೆ, ಅದ್ರಿಂದ ದೇಶದ ಲೆಕ್ಕ ಬದಲಾಗ್ತದಾ?
- ಓದುಗರೊಬ್ಬರು, ಕುಮಟಾ

ಉತ್ತರ: ಆಗ್ತದೆ ಮಾರಾಯ್ರೆ. ಎಷ್ಟು ಜನ ಸತ್ರು ಅನ್ನೋದಕ್ಕಿಂತ ಯಾವ ವಯಸ್ಸಲ್ಲಿ ಸತ್ರು ಅನ್ನೋದೇ ಇಲ್ಲಿ ಮುಖ್ಯ. 100 ಮಕ್ಕಳು ಹುಟ್ಟಿ ಎಲ್ರೂ 75 ವರ್ಷ ಬದುಕ್ತಾರೆ ಅಂತ ಇಟ್ಕೊಳ್ಳಿ, ಅದ್ರಲ್ಲಿ ಒಬ್ಬ 25ಕ್ಕೇ ದೇವಿಮನೆ ಘಾಟಲ್ಲಿ ಬೈಕ್ ಸ್ಕಿಡ್ ಆಗಿ ಹೋದ ಅಂದ್ರೆ 50 ವರ್ಷ ಲಾಸು, ನೂರು ಜನಕ್ಕೆ ಹಂಚಿದ್ರೆ ಸರಾಸರಿ ಅರ್ಧ ವರ್ಷ ಇಳೀತು. ಅದೇ ಇನ್ನೊಬ್ಬ ಹಾರ್ಟ್ ಅಟ್ಯಾಕಾಗಿ 73ಕ್ಕೆ ಹೋದ್ರೆ ಬರೀ 2 ವರ್ಷ. ಅಂಥ 25 ಸಾವು ಸೇರಿದ್ರೆ ಈ ಒಂದು ಬೈಕಿನ ಸಾವಿಗೆ ಸಮ.

ನಮ್ ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತದಲ್ಲೇ 1.68 ಲಕ್ಷ ಜನ ಸತ್ತಿದ್ದಾರೆ, ಮೂರರಲ್ಲಿ ಎರಡು ಪಾಲು 18ರಿಂದ 45 ವರ್ಷದವ್ರು. ಶಿರೂರು ಗುಡ್ಡ ಕುಸಿದದ್ದು ವಾರಗಟ್ಟಲೆ ಟಿವೀಲಿ ಬಂತು, ಬರ್ಬೇಕಾದ್ದೇ, ಆದ್ರೆ ದೇಶದ ಸರಾಸರಿ ಎಳೆಯೋದು ದಿನಾ ಹೈವೇಲಿ ಒಬ್ಬಿಬ್ರು ಹೋಗ್ತಾರಲ್ಲ, ಪೇಪರಲ್ಲಿ ನಾಲ್ಕು ಸಾಲು ಬರ್ತದಲ್ಲ, ಅದು.

ಇನ್ನು ನಿಮ್ಮ ಹುಡುಗನ ಮಾತು. ಅರ್ಧ ಸರಿ. 2012ರ ಲೆಕ್ಕ ಹಿಡಿದು ಅಮೆರಿಕವನ್ನ ಬೇರೆ 12 ಶ್ರೀಮಂತ ದೇಶಗಳ ಜೊತೆ ಹೋಲಿಸಿದ ಒಂದು ಅಧ್ಯಯನ 2016ರಲ್ಲಿ ಬಂತು. ಅಮೆರಿಕದ ಗಂಡಸ್ರು ಆಯಸ್ಸಲ್ಲಿ 2.2 ವರ್ಷ ಹಿಂದಿದ್ರು, ಅದ್ರಲ್ಲಿ ಸುಮಾರು 1 ವರ್ಷಕ್ಕೆ ಕಾರಣ ವಾಹನ, ಗನ್ನು, ಡ್ರಗ್ ಓವರ್‌ಡೋಸು, ಈ ಮೂರು. ಉಳಿದ ಅರ್ಧ ಎಲ್ಲಿ ಹೋಯ್ತು? ಅದು ಕಾಯಿಲೆಯಂಥ ಬೇರೆ ಕಾರಣಗಳದ್ದು. ಮತ್ತೆ ತೆಗೆಯೋದಾದ್ರೆ ಜಪಾನಿನ ಆಕ್ಸಿಡೆಂಟೂ ತೆಗೀಬೇಕಲ್ಲ, ಅಮೆರಿಕದ್ದು ಮಾತ್ರ ತೆಗೆದು ಫಸ್ಟ್ ಅಂದ್ರೆ ಅದ್ಯಾವ ನ್ಯಾಯ!

ಇನ್ನೊಂದು, ಅಪಘಾತದ ಸಾವಿಗೂ ಆಸ್ಪತ್ರೆಗೂ ಸಂಬಂಧ ಇಲ್ಲ ಅನ್ನೋ ಹಾಗೆ ಮಾತಾಡ್ತಾರೆ. ನಮ್ ಜಿಲ್ಲೆಯವ್ರಿಗೆ ಇದು ಹೇಳಿ ಕೊಡ್ಬೇಕಾ? ತಲೆಗೆ ಪೆಟ್ಟಾದವನನ್ನ ಮಣಿಪಾಲಕ್ಕೋ ಗೋವಾಕ್ಕೋ ಹುಬ್ಬಳ್ಳಿಗೋ ಒಯ್ಯೋ ದಾರೀಲೇ ಟೈಮ್ ಹೋಗ್ತದೆ, ಅದೇ ಪೆಟ್ಟು ಮಣಿಪಾಲದಲ್ಲೇ ಬಿದ್ದಿದ್ರೆ ಬದುಕ್ತಿದ್ನೋ ಏನೋ.

ನಿಮ್ಮ ಹುಡುಗನಿಗೆ ಅಮೆರಿಕದ ಹೆಂಗಸ್ರ ಲೆಕ್ಕ ಕೇಳಿ ನೋಡಿ. ಅವ್ರೂ ಅದೇ 2.2 ವರ್ಷ ಹಿಂದೆ, ಆದ್ರೆ ಈ ಮೂರು ಕಾರಣದ ಪಾಲು ಬರೀ 19 ಪರ್ಸೆಂಟು.