ಓದುಗರ ಪ್ರಶ್ನೆ: ಕಲಾಭವನ ಕಂಪನಿಗೆ ಹೋದ್ರೆ ನಾವು ನಾಟಕ ಎಲ್ಲಿ ಆಡೋದು?

ಪ್ರಶ್ನೆ: ನಮ್ಮದು ಹವ್ಯಾಸಿ ನಾಟಕ ತಂಡ ಸಾರ್, ಇಪ್ಪತ್ತು ವರ್ಷದಿಂದ ಆಡ್ತಾ ಇದ್ದೇವೆ. ಊರಿನ ಕಲಾಭವನದ ಸೂರು ಸೋರುತ್ತೆ, ಅರ್ಧ ಕುರ್ಚಿ ಮುರಿದಿವೆ. ಈಗ ಅದನ್ನು ಪಿಪಿಪಿಯಲ್ಲಿ, ಅಂದ್ರೆ ಸರ್ಕಾರ ಮತ್ತು ಖಾಸಗಿಯವರ ಪಾಲುದಾರಿಕೆಯಲ್ಲಿ, ಹೊಸದಾಗಿ ಕಟ್ಟಿ 30 ವರ್ಷ ಖಾಸಗಿ ಕಂಪನಿಗೆ ಕೊಡ್ತಾರಂತೆ. ಇದು ಮಾರಿದ ಹಾಗೇ ಅಲ್ವಾ? ನಾವು ವಿರೋಧ ಮಾಡಬೇಕಾ, ಸುಮ್ನಿರಬೇಕಾ?
— ಒಬ್ಬ ಹವ್ಯಾಸಿ ನಟ, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಮಾರಿದ ಹಾಗಲ್ಲ. ಜಾಗ ಊರಿನ ಹೆಸರಲ್ಲೇ ಇರುತ್ತದೆ. ಕಂಪನಿ ತನ್ನ ದುಡ್ಡು ಹಾಕಿ ಕಟ್ಟುತ್ತದೆ, ಒಪ್ಪಂದದಲ್ಲಿ ಬರೆದಷ್ಟು ವರ್ಷ ನಡೆಸುತ್ತದೆ, ಹಾಕಿದ ದುಡ್ಡನ್ನು ಬಾಡಿಗೆಯಿಂದ ಎತ್ತಿಕೊಳ್ಳುತ್ತದೆ, ಅವಧಿ ಮುಗಿದ ಮೇಲೆ ವಾಪಸ್ ಕೊಡುತ್ತದೆ. 2008ರಲ್ಲಿ ಶುರುವಾದ ಬೆಂಗಳೂರಿನ ವಿಮಾನ ನಿಲ್ದಾಣ ಬಂದಿದ್ದೂ ಇದೇ ದಾರಿಯಲ್ಲಿ. ಆದರೆ ನಿಮ್ಮ ಹೆದರಿಕೆಯಲ್ಲಿ ಅರ್ಥ ಇದೆ. 30 ವರ್ಷ ಅಂದ್ರೆ ಇವತ್ತು ನಿಮ್ಮ ತಂಡದಲ್ಲಿ ಲವ-ಕುಶರ ಪಾತ್ರ ಮಾಡುವ ಹುಡುಗರು ದಶರಥನ ಪಾತ್ರ ಮಾಡುವ ವಯಸ್ಸಿಗೆ ಬರುವವರೆಗೆ.

ಹಾಗಂತ ಇರೋದು ಹಾಗೇ ಇರಲಿ ಅಂತಲೂ ನಾನು ಹೇಳಲ್ಲ. ನಾನೂ ರಂಗದ ಮೇಲೆ ನಿಂತವನು. ಒಂದು ಜುಲೈಯಲ್ಲಿ ಮಲೆನಾಡಿನ ಹಳೇ ಭವನವೊಂದರಲ್ಲಿ ನಮ್ಮ ಪ್ರದರ್ಶನ ಇತ್ತು. ನಟರು ಮರೆಯಲ್ಲಿ ನಿಲ್ಲುವ ರಂಗದ ಪಕ್ಕದ ಜಾಗ, ಅಂದ್ರೆ ಸೈಡ್ ವಿಂಗ್ ಹತ್ತಿರ ಮೂರು ಕಡೆ ಸೋರುತ್ತಿತ್ತು. ಬಕೆಟ್ ಇಟ್ಟೆವು. ಹನಿ ಬೀಳುವ ಟಪ್ ಟಪ್ ಸದ್ದು ಮುಂದಿನ ಸಾಲಿಗೆ ಕೇಳಬಾರದು ಅಂತ ಒಬ್ಬರು ತಮ್ಮ ಹಳೇ ಪಂಚೆಯನ್ನು ಮಡಚಿ ಬಕೆಟ್ ತಳಕ್ಕೆ ಹಾಸಿದರು. ಕೊನೇ ದೃಶ್ಯದಲ್ಲಿ ಪರದೆಯ ಹಗ್ಗ ರಾಟೆಗೆ ಸಿಕ್ಕಿಕೊಂಡು ಪರದೆ ಅರ್ಧಕ್ಕೇ ನಿಂತುಬಿಟ್ಟಿತು, ಸತ್ತು ಮಲಗಿದ್ದ ನಟ ಎಲ್ಲರ ಕಣ್ಣೆದುರೇ ಎದ್ದು ಒಳಗೆ ಹೋಗಬೇಕಾಯಿತು. ಎರಡು ತಿಂಗಳು ತಾಲೀಮು ಮಾಡಿದ ಹುಡುಗ ಅವನು. ಮೇಕಪ್ ರೂಮಿಗೆ ಬಂದು ಅತ್ತುಬಿಟ್ಟ. ರಿಪೇರಿಗೆ ದುಡ್ಡಿಲ್ಲ ಅಂತ ಹತ್ತಾರು ವರ್ಷ ಕಾಯುವುದೂ ಕಲೆಗೆ ಮಾಡುವ ಅನ್ಯಾಯವೇ.

ಹಾಗಾದ್ರೆ ಏನು ಮಾಡಬೇಕು? ಕಂಪನಿಯವರು ಗಾಜಿನ ಗೋಡೆ, ಲಿಫ್ಟು, ಕೆಫೆ ಇರುವ ಬಣ್ಣದ ಚಿತ್ರ ತೋರಿಸುತ್ತಾರೆ. ನೀವು ಚಿತ್ರ ಬಿಟ್ಟು ಒಪ್ಪಂದದಲ್ಲಿ ದಿನಗಳ ಲೆಕ್ಕ ಎಲ್ಲಿದೆ ಅಂತ ಹುಡುಕಿ. ನನ್ನ ಮಟ್ಟಿಗೆ ಎಲ್ಲವೂ ನಿಂತಿರುವುದು ಅದರ ಮೇಲೆ. ವರ್ಷಕ್ಕೆ 60 ದಿನ ಸ್ಥಳೀಯ ಕಲಾವಿದರಿಗೆ ಮೀಸಲು ಅಂತ ಬರೆದಿದ್ದರೆ ಕೇಳೋಕೆ ಚೆನ್ನಾಗಿರುತ್ತದೆ. ಯಾವ 60 ದಿನ? ಆಷಾಢದಲ್ಲಿ ಮದುವೆ ಇರಲ್ಲ, ಹಾಲ್ ಹೇಗೂ ಖಾಲಿ. ಆ ಒಂದು ತಿಂಗಳು ಪೂರ್ತಿ ನಿಮಗೆ, ಮಿಕ್ಕಿದ್ದು ಸೋಮವಾರ, ಮಂಗಳವಾರ ಅಂದುಬಿಟ್ಟರೆ 60 ದಿನ ಕೊಟ್ಟ ಹಾಗೂ ಆಯ್ತು, ನಿಮಗೆ ಏನೂ ಸಿಗದ ಹಾಗೂ ಆಯ್ತು. ನಮ್ಮ ಕಡೆ ಆಷಾಢದ ಮಳೆಯಲ್ಲಿ ಎಸ್ಟೇಟ್ ಕಡೆಯಿಂದ ನಾಟಕಕ್ಕೆ ಅಂತ ಯಾರು ಬರ್ತಾರೆ ಹೇಳಿ? ಆದ್ದರಿಂದ 60ರಲ್ಲಿ ಕನಿಷ್ಠ 24 ಶನಿವಾರ, ಭಾನುವಾರ ಇರಬೇಕು, ಅದರಲ್ಲೂ ನವೆಂಬರ್‌ನಿಂದ ಫೆಬ್ರವರಿವರೆಗೆ ಇಷ್ಟು ಅಂತ ಬರೆಸಿ. ಗ್ರ್ಯಾಂಡ್ ರಿಹರ್ಸಲ್‌ಗೆ ಹಿಂದಿನ ದಿನವೂ ಬೇಕು. ಅದು ಬೇರೆ ಲೆಕ್ಕ, ಮರೀಬೇಡಿ.

ಇನ್ನು ಬಾಡಿಗೆ. ಇವತ್ತು ದಿನಕ್ಕೆ 10,000 ರೂಪಾಯಿ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ಶೇಕಡ 5 ಏರಿದರೆ 30 ವರ್ಷ ಕಳೆಯುವ ಹೊತ್ತಿಗೆ ಅದು 43,000 ದಾಟುತ್ತದೆ. ಶೇಕಡ 10 ಅಂತ ಬರೆದುಬಿಟ್ಟರೆ 1,74,000 ಆಗುತ್ತದೆ. ಎರಡೂ ಕಾಗದದ ಮೇಲೆ ಒಂದೇ ಸಾಲು, ಓದೋವಾಗ ಜಾಸ್ತಿ ವ್ಯತ್ಯಾಸ ಅನ್ನಿಸಲ್ಲ. ಕರೆಂಟು, ಕ್ಲೀನಿಂಗು, ಜನರೇಟರು, ಡೆಪಾಸಿಟ್ಟು ಬಾಡಿಗೆಯ ಒಳಗಾ ಹೊರಗಾ ಅನ್ನುವುದನ್ನೂ ಈಗಲೇ ಕೇಳಿ.

ಕಟ್ಟಡದ ಬಗ್ಗೆ ಒಂದೇ ಮಾತು. ಮದುವೆ ಹಾಲಿಗೆ ನೆಲ ಸಮ ಇರಬೇಕು, ನಾಟಕಕ್ಕೆ ಹಿಂದಿನ ಸಾಲಿಗೂ ಕಾಣುವ ಹಾಗೆ ಇಳಿಜಾರು ಬೇಕು. ಕಂಪನಿಗೆ ಆದಾಯ ಬರೋದು ಮದುವೆಯಿಂದ, ಅವರನ್ನು ಅವರ ಪಾಡಿಗೆ ಬಿಟ್ಟರೆ ಕಟ್ಟೋದು ಸಮ ನೆಲವನ್ನೇ. ರಂಗದ ಆಳ, ಎರಡೂ ಕಡೆ ವಿಂಗ್, ಲೈಟ್ ಕಟ್ಟುವ ಕಂಬಿ, ಶೌಚಾಲಯ ಇರುವ ಮೇಕಪ್ ರೂಮು, ಇವೆಲ್ಲ ಟೆಂಡರ್ ಕರೆಯೋಕೆ ಮುಂಚೆಯೇ ಸೇರಬೇಕು. ಟೆಂಡರ್ ಆದಮೇಲೆ ಯಾರೂ ಸೇರಿಸಲ್ಲ. ಬೆಂಗಳೂರಿನ ರಂಗಶಂಕರ ನೋಡಿ, ಸರ್ಕಾರ ಜಾಗ ಕೊಟ್ಟಿತು, ಒಂದು ಟ್ರಸ್ಟ್ ದುಡ್ಡು ಕೂಡಿಸಿ ಕಟ್ಟಿ 2004ರಲ್ಲಿ ಬಾಗಿಲು ತೆಗೆಯಿತು, ಇವತ್ತಿಗೂ ನಡೆಸುತ್ತಿದೆ. ಅದನ್ನು ನಾಟಕ ಮಾಡುವವರೇ ನಾಟಕಕ್ಕೆ ಅಂತಲೇ ಕಟ್ಟಿದ್ದು. ಖಾಸಗಿ ಅಂದ ಕೂಡಲೇ ಮದುವೆ ಹಾಲೇ ಆಗಬೇಕು ಅಂತೇನೂ ಇಲ್ಲ.

ವಿರೋಧದ ಬಗ್ಗೆ ಕೇಳಿದ್ದೀರಿ. ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸಲು ಹೊರಟಾಗ, 2016ರಲ್ಲಿ ಕಲಾವಿದರು ಬೀದಿಗಿಳಿದರು. ನಮ್ಮನ್ನು ಕೇಳಲೇ ಇಲ್ಲವಲ್ಲ ಅನ್ನುವುದು ಅವರ ದೊಡ್ಡ ನೋವಾಗಿತ್ತು. ಆಮೇಲೆ ಆ ಪ್ರತಿಷ್ಠಾನ ಕಸ್ತೂರಬಾ ರಸ್ತೆಯಲ್ಲಿ ತನ್ನದೇ ಮ್ಯೂಸಿಯಂ ಕಟ್ಟಿಕೊಂಡಿತು. ನೀವು ಅಲ್ಲಿವರೆಗೆ ಕಾಯಬೇಡಿ. ಈಗಲೇ ಮಾಹಿತಿ ಹಕ್ಕಿನಲ್ಲಿ ಕರಡು ಒಪ್ಪಂದ ಕೇಳಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ನಾಟಕ ತಂಡದವರು ಮಾತ್ರ ಸಹಿ ಹಾಕಿದರೆ ಸಾಲದು, ಭರತನಾಟ್ಯ ಕಲಿಸುವವರು, ಯಕ್ಷಗಾನದವರು, ಶಾಲಾ ವಾರ್ಷಿಕೋತ್ಸವ ಮಾಡುವ ಮೇಷ್ಟ್ರುಗಳು ಎಲ್ಲರನ್ನೂ ಸೇರಿಸಿಕೊಂಡು ದಿನಗಳ ಲೆಕ್ಕದ ಬೇಡಿಕೆಯನ್ನು ಬರಹದಲ್ಲಿ ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

ಪ್ರಶ್ನೆ: ದಿನಾ ಬೆಳಗ್ಗೆ ನಾವು ಏಳೆಂಟು ಹೆಂಗಸರು ಪಾರ್ಕಿನಲ್ಲಿ ವಾಕಿಂಗ್ ಮಾಡ್ತೇವೆ. ಅದನ್ನೂ ಖಾಸಗಿಯವರು ಅಭಿವೃದ್ಧಿ ಮಾಡ್ತಾರಂತೆ. ಟಿಕೆಟ್ ತಗೊಂಡು ನಡೀಬೇಕಾ?
— ಗೃಹಿಣಿ, ಚಿಕ್ಕಮಗಳೂರು

ಉತ್ತರ: ನಿಮ್ಮ ಹೊತ್ತನ್ನು ನೀವು ಈಗಲೇ ಕೇಳದಿದ್ದರೆ ಟಿಕೆಟ್ ಬರಬಹುದು ಅಮ್ಮಾ. ಲಾಲ್‌ಬಾಗ್‌ನಲ್ಲಿ ಟಿಕೆಟ್ ಇದೆ, ಆದರೆ ಬೆಳಗಿನ ವಾಕಿಂಗ್ ಹೊತ್ತಿಗೆ ಇಲ್ಲ. ನೀವೂ ಅದನ್ನೇ ಕೇಳಿ. ವಾರದ ಕೊನೆಗೆ ಬರುವ ಪ್ರವಾಸಿಗರಿಂದ ಟಿಕೆಟ್ ತಗೊಳ್ಳಲಿ, ಊರಿನವರಿಗೆ ಬೆಳಗ್ಗೆ, ಸಂಜೆ ಬಾಗಿಲು ತೆರೆದಿರಲಿ. ದೆಹಲಿಯ ಸುಂದರ್ ನರ್ಸರಿಯನ್ನು ಸರ್ಕಾರಿ ಸಂಸ್ಥೆಗಳ ಜೊತೆ ಒಂದು ಟ್ರಸ್ಟ್ ಸೇರಿ 2007ರ ಒಪ್ಪಂದದಡಿ ಸರಿಮಾಡಿ, 2018ರಲ್ಲಿ ಜನರಿಗೆ ತೆರೆಯಿತು. ಟಿಕೆಟ್ ಇದೆ ನಿಜ, ಆದರೆ ಸುಮಾರು 90 ಎಕರೆ ಹಸಿರು ಹಸಿರಾಗೇ ಉಳಿದಿದೆ. ನನಗೆ ಟಿಕೆಟ್‌ಗಿಂತ ಜಾಸ್ತಿ ಭಯ ಅಂಗಡಿ ಸಾಲಿನದ್ದು. ಉದ್ಯಾನದ ಜಾಗವನ್ನು ಬೇರೆ ಕೆಲಸಕ್ಕೆ ಬಳಸದ ಹಾಗೆ ಕಾಪಾಡೋಕೆ 1985ರಿಂದ ನಮ್ಮ ರಾಜ್ಯದಲ್ಲಿ ಕಾಯ್ದೆಯೇ ಇದೆ. ನಿಮ್ಮ ಪಾರ್ಕು ಆ ಪಟ್ಟಿಯಲ್ಲಿದೆಯಾ ಅಂತ ಮೊದಲು ವಿಚಾರಿಸಿ.

ಪ್ರಶ್ನೆ: ಕಂಪನಿ ಅರ್ಧಕ್ಕೆ ಬಿಟ್ಟು ಹೋದ್ರೆ?
— ನಿವೃತ್ತ ನೌಕರರು, ಕಡೂರು

ಉತ್ತರ: ಅದಕ್ಕೇ ಮೊದಲೇ ಬ್ಯಾಂಕ್ ಗ್ಯಾರಂಟಿ ತಗೊಳ್ಳೋದು, ಅಂದ್ರೆ ಕಂಪನಿ ಮಾತು ತಪ್ಪಿದರೆ ದುಡ್ಡು ನಾವು ಕೊಡ್ತೇವೆ ಅಂತ ಬ್ಯಾಂಕ್ ಬರೆದುಕೊಡುವ ಕಾಗದ. ಎಷ್ಟು ಮೊತ್ತದ್ದು, ಯಾವಾಗ ಮುಟ್ಟುಗೋಲು ಹಾಕಬಹುದು ಅನ್ನುವುದನ್ನು ಓದಿ. ಇನ್ನೊಂದು ಸಾಲು ಇರುತ್ತದೆ, ಒಪ್ಪಂದ ಮುರಿದರೆ ಊರು ಕಂಪನಿಗೆ ಎಷ್ಟು ಕೊಡಬೇಕು ಅಂತ. ತಪ್ಪು ಕಂಪನಿಯದ್ದಾದರೂ ಅದು ಮಾಡಿದ ಸಾಲದ ಒಂದು ಪಾಲು ಊರಿನ ತಲೆಗೆ ಬರುವ ಹಾಗೆ ಬರೆದಿರುವುದುಂಟು. ಆ ಸಾಲನ್ನು ಎರಡು ಸಲ ಓದಿ.

ಪ್ರಶ್ನೆ: ಮುಚ್ಚಿರುವ ಈಜುಕೊಳಕ್ಕೂ 30 ವರ್ಷದ ಪಿಪಿಪಿ ಬೇಕಾ?
— ಇಬ್ಬರು ಮಕ್ಕಳ ತಂದೆ, ತರೀಕೆರೆ

ಉತ್ತರ: ಬೇಡ ಅಂತ ನನಗನ್ನಿಸುತ್ತದೆ. ಕೊಳ ಕಟ್ಟಿ ಆಗಿದೆ, ಅಲ್ಲಿ ಖರ್ಚು ಇರೋದು ನಡೆಸೋದರಲ್ಲಿ. ನೀರು, ಫಿಲ್ಟರ್ ಮೋಟರ್, ಕ್ಲೋರಿನ್, ಇಬ್ಬರು ಲೈಫ್ ಗಾರ್ಡ್. ದುಡ್ಡು ಹಾಕಿ ಕಟ್ಟದವರಿಗೆ 30 ವರ್ಷ ಯಾಕೆ? ರಿಪೇರಿಯನ್ನು ಊರು ಮಾಡಿಸಲಿ, ನಡೆಸೋಕೆ ಮಾತ್ರ ಮೂರು ಅಥವಾ ಐದು ವರ್ಷಕ್ಕೆ ಕೊಡಲಿ, ಸರಿ ಇಲ್ಲದಿದ್ದರೆ ಬದಲಾಯಿಸಬಹುದು. ಜೋರು ಮಳೆಯ ತಿಂಗಳುಗಳಲ್ಲಿ ಕೊಳಕ್ಕೆ ಬರುವವರು ಕಡಿಮೆ. ವರ್ಷಪೂರ್ತಿ ತುಂಬಿರುತ್ತೆ ಅಂತ ಆದಾಯ ತೋರಿಸುವವರ ಲೆಕ್ಕ ನಂಬಬೇಡಿ. ಆ ಆದಾಯ ಬರದಿದ್ದಾಗ ಮೊದಲು ಕಡಿಮೆಯಾಗುವುದು ಕ್ಲೋರಿನ್ನು, ಆಮೇಲೆ ಲೈಫ್ ಗಾರ್ಡು. ಸಹಿ ಹಾಕುವ ಮುಂಚೆ ಮಕ್ಕಳ ಶುಲ್ಕ ಎಷ್ಟು, ನೀರಿನ ಪರೀಕ್ಷೆಯ ವರದಿಯನ್ನು ಪ್ರತಿ ವಾರ ಬಾಗಿಲಲ್ಲಿ ಅಂಟಿಸುತ್ತಾರಾ, ಈ ಎರಡನ್ನು ಕೇಳಿ.