ಹೊಸ ರೋಡ್ ಬೈಕ್ ತಗೊಂಡ್ರೂ ವೇಗ ಯಾಕೆ ಏರುತ್ತಿಲ್ಲ?

ನಮಸ್ಕಾರ. ನಿಮ್ಮ ಪ್ರಶ್ನೆ ಓದಿದೆ. ದಾವಣಗೆರೆಯವರು ನೀವು. ನಾಲ್ಕು ವರ್ಷ ನೇರ ಹ್ಯಾಂಡಲ್‌ನ, ನೆಟ್ಟಗೆ ಕೂತು ಓಡಿಸುವ ಹೈಬ್ರಿಡ್ ಸೈಕಲ್ ತುಳಿದು, ತಿಂಗಳ ಹಿಂದೆ ಬಗ್ಗಿದ ಹ್ಯಾಂಡಲ್‌ನ ರೋಡ್ ಬೈಕ್ ತಗೊಂಡಿದ್ದೀರಿ. ಬೇಸಿಗೆಯಲ್ಲಿ ಹಳೇ ಸೈಕಲ್ ಮೇಲೆ ಹರಿಹರಕ್ಕೆ ಹೋಗಿ ಬಂದರೆ ಗಂಟೆಗೆ 21 ಕಿ.ಮೀ. ಸರಾಸರಿ ಬರುತ್ತಿತ್ತು. ಈಗ ಹೊಸದರಲ್ಲಿ ಬರುತ್ತಿರುವುದು ಬರೀ 22. ಮೇಲಾಗಿ ಅಂಗೈ ಜೋಮು, ಕುತ್ತಿಗೆ ನೋವು. ಇಷ್ಟು ದುಡ್ಡು ಹಾಕಿ ತಪ್ಪು ಮಾಡಿದೆನಾ, ಮಾರಿಬಿಡಲಾ ಅಂತ ಕೇಳಿದ್ದೀರಿ.

ದಯವಿಟ್ಟು ಮಾರಬೇಡಿ. ನಾನು ಚಿತ್ರದುರ್ಗದವನು. ಆರು ವರ್ಷದಿಂದ ರೋಡ್ ಬೈಕ್ ಓಡಿಸುತ್ತಿದ್ದೇನೆ. ನಾನೂ ಎರಡನೇ ತಿಂಗಳಲ್ಲಿ ಮಾರುವ ಮನಸ್ಸು ಮಾಡಿದ್ದೆ. ನಿಮ್ಮ ಜೋಮು ಮತ್ತು ನಿಮ್ಮ 22 ಎರಡು ಬೇರೆ ಬೇರೆ ತೊಂದರೆ ಅಂತ ನೀವು ಬರೆದಿದ್ದೀರಿ. ನನಗೆ ಅವೆರಡೂ ಒಂದೇ ಅನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ಸಮತಟ್ಟಾದ ರಸ್ತೆಯಲ್ಲಿ 20ರ ಮೇಲೆ ಹೋಗತೊಡಗಿದರೆ ನಮ್ಮನ್ನು ಹಿಡಿದು ನಿಲ್ಲಿಸುವುದು ಹೆಚ್ಚಾಗಿ ಗಾಳಿ. ಸೈಕಲ್ಲಿನ ತೂಕ ಅಲ್ಲ. ವೇಗವನ್ನು 20ರಿಂದ 30ಕ್ಕೆ ಏರಿಸಿದರೆ ಗಾಳಿಯ ತಡೆ ಎರಡೂಕಾಲು ಪಟ್ಟು ಆಗುತ್ತದೆ. ಆ ತಡೆಯನ್ನು ಮೀರಲು ಕಾಲಿನಿಂದ ಬರಬೇಕಾದ ಶಕ್ತಿ ಮೂರು ಪಟ್ಟಿಗಿಂತ ಜಾಸ್ತಿ. ಈ ತಡೆಯಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ನಮ್ಮ ಮೈಯದು. ಎದೆ, ಭುಜ, ತಲೆ. ರೋಡ್ ಬೈಕ್ ವೇಗವಾಗಿ ಹೋಗುವುದಕ್ಕೆ ದೊಡ್ಡ ಕಾರಣ ಅದು ನಮ್ಮನ್ನು ಬಗ್ಗಿಸುತ್ತದೆ ಎನ್ನುವುದು. ಆದರೆ ಕೈ ಜೋಮು ಹಿಡಿದವರು ಬಗ್ಗಿ ಕೂರುತ್ತಾರಾ? ಹ್ಯಾಂಡಲ್‌ನ ಮೇಲಿನ ಅಡ್ಡ ಭಾಗ ಹಿಡಿದು, ಮೊಣಕೈ ಸೆಟೆದುಕೊಂಡು, ನೆಟ್ಟಗೆ ಕೂರುತ್ತಾರೆ. ಆಗ ಗಾಳಿಯ ಲೆಕ್ಕದಲ್ಲಿ ನೀವು ಇನ್ನೂ ಹಳೇ ಹೈಬ್ರಿಡ್ ಮೇಲೆಯೇ ಕೂತಿದ್ದೀರಿ. ಹಾಗಾಗಿ ಮೊದಲು ಮೈ ಒಗ್ಗಬೇಕು. ವೇಗ ಅದರ ಹಿಂದೆ ಬರುತ್ತದೆ.

ಇನ್ನು ನಿಮ್ಮ ಹರಿಹರದ ದಾರಿ. ಈಗ ಆಷಾಢ. ಹರಿಹರ ನಿಮ್ಮೂರಿಗೆ ಪಶ್ಚಿಮಕ್ಕಿದೆ. ಗಾಳಿ ಬೀಸುವುದೂ ಆ ಕಡೆಯಿಂದಲೇ. ಅಂದರೆ ಹೋಗುವಾಗ ಪೂರ್ತಿ ಎದುರುಗಾಳಿ. ಗಂಟೆಗೆ 15 ಕಿ.ಮೀ. ಗಾಳಿ ಎದುರಿಗಿದ್ದು ನೀವು 20ರಲ್ಲಿ ಹೋದರೆ ಎದೆಗೆ ಬಡಿಯುವುದು 35ರ ಗಾಳಿ. ಬರುವಾಗ ಬೆನ್ನಿಗೆ ಬೀಳುತ್ತದಲ್ಲ, ಸರಿಹೋಗುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸರಿಹೋಗುವುದಿಲ್ಲ. ಲೆಕ್ಕ ಹಾಕಿ ನೋಡಿ. 14 ಕಿ.ಮೀ. ಹೋಗುವಾಗ 18ರ ವೇಗ, 14 ಕಿ.ಮೀ. ಬರುವಾಗ 28ರ ವೇಗ. ಹೋಗುವುದಕ್ಕೆ ಸುಮಾರು 47 ನಿಮಿಷ, ಬರುವುದಕ್ಕೆ 30 ನಿಮಿಷ. ಸರಾಸರಿ 23 ಬರಬೇಕು ಅನಿಸುತ್ತದೆ, ಅಲ್ವಾ? ಬರುವುದು 22ಕ್ಕಿಂತ ಒಂದು ಚೂರು ಕಡಿಮೆ. ನಿಧಾನವಾಗಿ ಹೋದ ದಾರಿಯಲ್ಲಿ ಜಾಸ್ತಿ ಹೊತ್ತು ಕಳೆದಿರುತ್ತೀರಿ, ಅದಕ್ಕೆ. ನಿಮ್ಮ ಹಳೇ 21 ಬೇಸಿಗೆ ಬೆಳಗಿನದು, ಎಲೆಯೂ ಅಲ್ಲಾಡದ ಹೊತ್ತಿನದು. ಹೊಸ 22 ಆಷಾಢದ್ದು. ಇವೆರಡನ್ನು ಪಕ್ಕಪಕ್ಕ ಇಟ್ಟು ಅಳೆಯುವುದು ಸೈಕಲ್‌ಗೆ ಮಾಡುವ ಅನ್ಯಾಯ.

ನಮ್ಮ ದುರ್ಗದಲ್ಲಿ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಊರ ಸುತ್ತ ಗುಡ್ಡದ ಮೇಲೆಲ್ಲ ಗಾಳಿ ಫ್ಯಾನುಗಳು ನಿಂತಿವೆ. ಬೆಳಿಗ್ಗೆ ಮನೆ ಬಿಡುವ ಮುಂಚೆ ಅವು ಯಾವ ಕಡೆ ಮುಖ ಮಾಡಿವೆ ಅಂತ ನೋಡುತ್ತೇನೆ. ಗಾಳಿ ಬರುವ ಕಡೆಗೇ ಅವುಗಳ ಮುಖ ಇರುತ್ತದೆ. ಜುಲೈಯಲ್ಲಿ ಪಶ್ಚಿಮಕ್ಕೆ ನೋಡುತ್ತಿರುತ್ತವೆ, ಚಳಿಗಾಲ ಬಂದಾಗ ಪೂರ್ವಕ್ಕೆ ತಿರುಗಿರುತ್ತವೆ. ಅವು ಜೋರಾಗಿ ತಿರುಗುವ ದಿನ ನಾನು ಮೀಟರ್ ನೋಡುವುದಿಲ್ಲ. ಭರಮಸಾಗರದ ಕಡೆ ಹೊರಟರೆ ಹೋಗುವಾಗಲೇ ಕಷ್ಟಪಟ್ಟು, ಸುಸ್ತಾದ ಮೇಲೆ ಬೆನ್ನಿಗೆ ಗಾಳಿ ಹಾಕಿಕೊಂಡು ಮನೆಗೆ ಬರುತ್ತೇನೆ. ನೀವೂ ಇದನ್ನೇ ರೂಢಿ ಮಾಡಿಕೊಳ್ಳಿ. ಈ ತಿಂಗಳಲ್ಲಿ ಹರಿಹರದ ದಾರಿ ಒಳ್ಳೆಯದೇ. ಆದರೆ ದುರ್ಗದ ಕಡೆ ಬರಬೇಡಿ. ನಿಮ್ಮೂರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ನಮ್ಮೂರು ಸುಮಾರು 730. ಬರುವಾಗ ಗಾಳಿ ತಳ್ಳುತ್ತದೆ, ಏರು ಗೊತ್ತೇ ಆಗುವುದಿಲ್ಲ. ವಾಪಸ್ ಇಳಿಜಾರು ಇದೆ ಅಂತ ನಂಬಿಕೊಂಡಿರುತ್ತೀರಿ, ಆ ಇಳಿಜಾರಿನಲ್ಲೂ ತುಳಿಯಬೇಕಾಗುತ್ತದೆ.

ಈಗ ನೋವಿನ ವಿಷಯ. ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ನಾನು ಅನುಭವಿಸಿದ್ದು ಇದನ್ನೇ.

ನಾನು ಸೈಕಲ್ ತಗೊಂಡ ಅಂಗಡಿಯಲ್ಲಿ ಸೀಟನ್ನು ಕಣ್ಣಳತೆಯಲ್ಲಿ ಕೂರಿಸಿ ಕೊಟ್ಟಿದ್ದರು. ಎರಡೂ ಕಾಲು ನೆಲಕ್ಕೆ ತಾಗುತ್ತಿತ್ತು, ನನಗೆ ಅದೇ ಸರಿ ಅನಿಸಿತು. ಮೂರನೇ ವಾರಕ್ಕೆ ಮಂಡಿಯ ಮುಂಭಾಗ ನೋಯಲು ಶುರುವಾಯಿತು. ಮಂಡಿಯ ಮುಂದೆ ನೋವು ಬಂದರೆ ಸೀಟು ತಗ್ಗಾಗಿರುವುದು, ಮಂಡಿಯ ಹಿಂದೆ ನೋವು ಬಂದರೆ ಸೀಟು ಎತ್ತರವಾಗಿರುವುದು ಸಾಮಾನ್ಯ. ಅಳೆಯುವ ಸುಲಭದ ದಾರಿ ಹೀಗೆ: ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು, ಆದರೆ ಸೊಂಟ ಆ ಕಡೆ ಈ ಕಡೆ ವಾಲಬಾರದು. ಆಮೇಲೆ ಪಾದದ ಮುಂಭಾಗ ಪೆಡಲ್ ಮೇಲೆ ಬಂದಾಗ ಮಂಡಿ ಸ್ವಲ್ಪ ಬಗ್ಗಿರುತ್ತದೆ. ಅಷ್ಟೇ ಬೇಕಾದದ್ದು. ಸೀಟು ಈ ಎತ್ತರಕ್ಕೆ ಬಂದ ಮೇಲೆ ನೆಲಕ್ಕೆ ಬೆರಳ ತುದಿ ಮಾತ್ರ ತಾಗುತ್ತದೆ. ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಇಳಿದೇ ನಿಲ್ಲಬೇಕು. ಒಂದು ವಾರ ಭಯ ಇರುತ್ತದೆ, ಆಮೇಲೆ ಹೋಗುತ್ತದೆ.

ಒಂದೇ ಸಲಕ್ಕೆ ಎತ್ತರಿಸಬೇಡಿ. ನಾನು ಸೀಟಿನ ಕಂಬಕ್ಕೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ ಗುರುತು ಮಾಡಿದ್ದೆ. ಮೂರು ಮಿಲಿಮೀಟರ್ ಎತ್ತಿ ಎರಡು ದಿನ ಓಡಿಸುವುದು, ಮತ್ತೆ ಮೂರು ಎತ್ತುವುದು. ಟೇಪಿನ ಕೆಳಗೆ ಹೊಳೆಯುವ ಕಂಬ ದಿನ ದಿನಕ್ಕೂ ಇಷ್ಟಿಷ್ಟೇ ಹೊರಗೆ ಬರುತ್ತಿತ್ತು. ಕೊನೆಗೆ ಒಟ್ಟು ಹೆಬ್ಬೆರಳಿನ ಅಗಲದಷ್ಟು ಎದ್ದಿತ್ತು. ಅಷ್ಟರಲ್ಲಿ ಮಂಡಿ ನೋವೂ ನಿಂತಿತ್ತು. ಆ ಟೇಪ್ ಇವತ್ತಿಗೂ ತೆಗೆದಿಲ್ಲ.

ನಿಮ್ಮ ಅಂಗೈ ಜೋಮು ಕಿರುಬೆರಳು ಮತ್ತು ಉಂಗುರ ಬೆರಳಿನ ಕಡೆ ಇದ್ದರೆ ಮಣಿಕಟ್ಟಿನ ಹತ್ತಿರ ನರ ಒತ್ತುತ್ತಿದೆ ಅಂತ. ಮೈಭಾರ ಪೂರ್ತಿ ಕೈ ಮೇಲೆ ಬಿಟ್ಟಿದ್ದೀರಿ. ಸೀಟಿನ ಮೂತಿ ಕೆಳಗೆ ಬಾಗಿದೆಯಾ ನೋಡಿ. ಬಾಗಿದ್ದರೆ ನೀವು ಮುಂದೆ ಜಾರುತ್ತಲೇ ಇರುತ್ತೀರಿ, ಕೈ ತಡೆಯುತ್ತಲೇ ಇರುತ್ತದೆ. ಅದನ್ನು ಮಟ್ಟ ಮಾಡಿ. ಬ್ರೇಕ್ ಲಿವರ್‌ನ ರಬ್ಬರ್ ಹುಡ್ ಇದೆಯಲ್ಲ, ಹೆಚ್ಚು ಹೊತ್ತು ಅದನ್ನೇ ಹಿಡಿಯಿರಿ. ಹಿಡಿತ ಸಡಿಲ ಇರಲಿ. ಮೊಣಕೈ ಬಗ್ಗಿರಲಿ. ಬಗ್ಗಬೇಕಾದ್ದು ಸೊಂಟದ ಕೀಲಿನಿಂದ, ಬೆನ್ನಿನಿಂದ ಅಲ್ಲ. ಕೈ ಮೇಲೆ ಭಾರ ಇದೆಯೋ ಇಲ್ಲವೋ ಗೊತ್ತಾಗಬೇಕಾದರೆ ಒಂದು ಉಪಾಯ ಇದೆ. ವಾಹನ ಇಲ್ಲದ ಕಡೆ ತುಳಿಯುತ್ತಾ, ಎರಡೂ ಕೈಯ ಬೆರಳುಗಳಿಂದ ಹುಡ್ ಮೇಲೆ ತಬಲದ ಹಾಗೆ ಮೆಲ್ಲಗೆ ಬಡಿಯಿರಿ. ಬೆರಳು ಆಡಿದರೆ ಭಾರ ಹೊಟ್ಟೆ ಬೆನ್ನಿನ ಸ್ನಾಯುಗಳ ಮೇಲಿದೆ. ಬೆರಳು ಏಳದಿದ್ದರೆ ಇನ್ನೂ ಕೈ ಮೇಲೆಯೇ ಇದೆ.

ಕುತ್ತಿಗೆ ನೋವು ಹೆಚ್ಚಿನವರಿಗೆ ಮೂರು ನಾಲ್ಕು ವಾರದಲ್ಲಿ ತಾನಾಗೇ ಕಡಿಮೆಯಾಗುತ್ತದೆ. 50 ಕಿ.ಮೀ. ಒಂದೇ ದಿನ ಹೋಗುವ ಬದಲು 20 ಕಿ.ಮೀ. ಮೂರು ದಿನ ಹೋಗಿ. ಜೋಮು ಮಾತ್ರ ಸೈಕಲ್ಲಿಂದ ಇಳಿದ ಮೇಲೂ ಗಂಟೆಗಟ್ಟಲೆ ಉಳಿದರೆ ಡಾಕ್ಟರಿಗೆ ತೋರಿಸಿ.

ಟೈರಿನ ಗಾಳಿ ಬಗ್ಗೆ ನೀವು ಏನೂ ಬರೆದಿಲ್ಲ, ಆದ್ದರಿಂದ ಕೇಳುತ್ತಿದ್ದೇನೆ. ವಾರಕ್ಕೆ ಎಷ್ಟು ಸಲ ಹೊಡೆಯುತ್ತೀರಿ? ಹೈಬ್ರಿಡ್‌ಗೆ ತಿಂಗಳಿಗೊಮ್ಮೆ ಹೊಡೆದರೆ ನಡೆಯುತ್ತಿತ್ತು. ಈ ಸಣ್ಣ ಟೈರಿನಲ್ಲಿ ಗಾಳಿ ದಿನವೂ ಇಷ್ಟಿಷ್ಟೇ ಇಳಿಯುತ್ತದೆ. ಗೇಜ್ ಇರುವ, ಕಾಲಲ್ಲಿ ಒತ್ತಿ ಹಿಡಿದು ಹೊಡೆಯುವ ನಿಲುವು ಪಂಪ್ ಒಂದು ಮನೆಯಲ್ಲಿ ಇರಲೇಬೇಕು. ಪೆಟ್ರೋಲ್ ಬಂಕಿನ ಪೈಪ್ ಪ್ರೆಸ್ಟಾ ವಾಲ್ವ್‌ಗೆ, ಅಂದರೆ ರೋಡ್ ಬೈಕ್ ಟ್ಯೂಬಿನ ಸಣ್ಣ ವಾಲ್ವ್‌ಗೆ, ಕೂರುವುದಿಲ್ಲ. ಅದಕ್ಕೊಂದು ಸಣ್ಣ ಹಿತ್ತಾಳೆ ಅಡಾಪ್ಟರ್ ಸಿಗುತ್ತದೆ, ಬ್ಯಾಗಿನಲ್ಲಿ ಹಾಕಿಕೊಳ್ಳಿ. ನಿಮ್ಮ ತೂಕ 70 ಕೆಜಿ ಆಸುಪಾಸಿದ್ದು ಟೈರು 28 ಎಂಎಂ ಆಗಿದ್ದರೆ 70ರಿಂದ 75 ಪಿಎಸ್ಐ ಸಾಕು. 25 ಎಂಎಂ ಆಗಿದ್ದರೆ 80–85. ಹಿಂದಿನ ಟೈರಿಗೆ ಮುಂದಿನದಕ್ಕಿಂತ ಐದು ಜಾಸ್ತಿ. ಟೈರಿನ ಮೇಲೆ ಬರೆದಿರುವ ದೊಡ್ಡ ಸಂಖ್ಯೆ ಮೀರಬಾರದ ಮಿತಿ. ಅಷ್ಟು ತುಂಬಿಸಿ ಅಂತ ಅರ್ಥ ಅಲ್ಲ. ತೀರಾ ಗಟ್ಟಿ ಮಾಡಿದರೆ ನಮ್ಮ ಸರ್ವೀಸ್ ರಸ್ತೆಗಳಲ್ಲಿ ಸೈಕಲ್ ಪುಟಿಯುತ್ತದೆ, ಆ ಅದುರು ನೇರ ನಿಮ್ಮ ಅಂಗೈಗೇ ಬರುತ್ತದೆ. ಎಷ್ಟೋ ಸಲ ಜೋಮಿನ ಅರ್ಧ ಕಾರಣ ಇದೇ ಆಗಿರುತ್ತದೆ.

ಪಂಚರ್ ಆದರೆ ಬರೀ ಟ್ಯೂಬ್ ಬದಲಿಸಿ ಹೊರಡಬೇಡಿ. ನಮ್ಮ ಕಡೆ ಎರಡು ಶತ್ರುಗಳಿವೆ. ಒಂದು ಬಳ್ಳಾರಿ ಜಾಲಿ ಮುಳ್ಳು. ಇನ್ನೊಂದು ಹೈವೇಯಲ್ಲಿ ಸಿಡಿದ ಲಾರಿ ಟೈರಿನಿಂದ ಉದುರಿದ ತಂತಿ, ಕೂದಲಿಗಿಂತ ಸ್ವಲ್ಪ ದಪ್ಪ ಇರುತ್ತದೆ ಅಷ್ಟೆ. ಹೊರಗಿಂದ ನೋಡಿದರೆ ಕಾಣುವುದಿಲ್ಲ. ಟೈರಿನ ಒಳಗೆ ಹೆಬ್ಬೆರಳನ್ನು ನಿಧಾನವಾಗಿ ಸುತ್ತ ಆಡಿಸಿದರೆ ಒಂದು ಕಡೆ ಚುರ್ ಅನ್ನುತ್ತದೆ. ಅದನ್ನು ಕಿತ್ತ ಮೇಲೇ ಹೊಸ ಟ್ಯೂಬ್.

ಗೇರ್ ವಿಷಯದಲ್ಲಿ ನೀವು ಹಳೇ ಅಭ್ಯಾಸ ಬಿಡಬೇಕಾಗಬಹುದು. ಹೈಬ್ರಿಡ್ ಓಡಿಸಿದವರು ಭಾರದ ಗೇರ್ ಹಾಕಿ ನಿಧಾನಕ್ಕೆ ಒತ್ತುತ್ತಾರೆ. ಇಲ್ಲಿ ಹಗುರ ಗೇರ್ ಹಾಕಿ ಬೇಗ ಬೇಗ ತಿರುಗಿಸುವುದು ಒಳ್ಳೆಯದು. ಬಲ ಮಂಡಿ 15 ಸೆಕೆಂಡಿಗೆ ಎಷ್ಟು ಸಲ ಮೇಲೆ ಬರುತ್ತದೆ ಎಣಿಸಿ. 20ರಿಂದ 22 ಬಂದರೆ ನಿಮಿಷಕ್ಕೆ 80–88 ಸುತ್ತು, ಸರಿಯಾಗಿದೆ. ಮುಂದೆ 50 ಹಲ್ಲು, ಹಿಂದೆ 21 ಹಲ್ಲು, ನಿಮಿಷಕ್ಕೆ 85 ಸುತ್ತು ತುಳಿದರೆ ಸೈಕಲ್ ಹತ್ತಿರ ಹತ್ತಿರ 25ರಲ್ಲಿ ಹೋಗುತ್ತಿರುತ್ತದೆ. ಎದುರುಗಾಳಿ ಬಂದಾಗ ಕಾಲಿನ ಲಯ ಅದೇ ಇರಲಿ, ಗೇರ್ ಇಳಿಸಿ. ವೇಗ 17ಕ್ಕೆ ಬಿದ್ದರೂ ಬೀಳಲಿ. ಗಾಳಿ ಜೊತೆ ಹಟಕ್ಕೆ ಬಿದ್ದರೆ ಹತ್ತೇ ಕಿ.ಮೀ.ಗೆ ತೊಡೆ ಕಲ್ಲಾಗುತ್ತದೆ. ಅಂದ ಹಾಗೆ, ತಿಂಗಳಾಗಿದ್ದರಿಂದ ಗೇರ್ ಕೇಬಲ್ ಸ್ವಲ್ಪ ಸಡಿಲ ಆಗಿರುತ್ತದೆ. ಚೈನು ಟಕಟಕ ಅಂತಿದ್ದರೆ ಹಾಳಾಗಿದೆ ಅಂತ ಅಲ್ಲ, ಹಿಂದಿನ ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಹತ್ತಿರ ಕೇಬಲ್ ಬಿಗಿ ಮಾಡುವ ಸಣ್ಣ ತಿರುಪನ್ನು ಕಾಲು ಸುತ್ತು ತಿರುಗಿಸಿದರೆ ಸರಿಯಾಗುತ್ತದೆ.

ಒಂದು ಎಚ್ಚರಿಕೆ. ಸುಗ್ಗಿಯಲ್ಲಿ ನಮ್ಮ ಎರಡೂ ಜಿಲ್ಲೆಯ ರಸ್ತೆಗಳ ಮೇಲೆ ಮೆಕ್ಕೆಜೋಳ ಹರವಿರುತ್ತಾರೆ, ನಿಮಗೂ ಗೊತ್ತು. ಮೊದಲ ವರ್ಷ ನವೆಂಬರಿನಲ್ಲಿ ನಾನು ಸರ್ವೀಸ್ ರಸ್ತೆಯಲ್ಲಿ ಜೋಳದ ರಾಶಿ ಪಕ್ಕ ಹೋಗುತ್ತಿದ್ದೆ. ಕಾಳು ಹರಡದಂತೆ ಅಂಚಿಗೆ ಕಲ್ಲು ಇಟ್ಟಿದ್ದರು. ಆ ಕಲ್ಲು ತಪ್ಪಿಸಲು ಹೋಗಿ ನಾಲ್ಕು ಕಾಳಿನ ಮೇಲೆ ಮುಂದಿನ ಬ್ರೇಕ್ ಹಿಡಿದೆ. ನುಣ್ಣನೆ ಟೈರು, ನುಣ್ಣನೆ ಕಾಳು. ಚಕ್ರ ಸರ್ರನೆ ಜಾರಿ ಮೊಣಕೈ ತರಚಿತು. ಕಾಳು ಕಾಯುತ್ತಿದ್ದ ಅಜ್ಜಿ ಓಡಿ ಬಂದು ನೀರು ಕೊಟ್ಟು, "ಕಾಳ್ ಜಾರ್ತಾವೆ ಕಣಪ್ಪಾ, ಇಂಥ ಕಡೆ ಇಳ್ದು ತಳ್ಕಂಡ್ ಹೋಗು" ಅಂದರು. ಇವತ್ತಿಗೂ ಹಾಗೇ ಮಾಡುತ್ತೇನೆ.

ಹಾಗಾದರೆ ವೇಗ ಎಷ್ಟು ಏರಬಹುದು? ಅದೇ ಕಾಲು, ಅದೇ ದಮ್ಮಿನಲ್ಲಿ ಗಾಳಿಯಿಲ್ಲದ ಬೆಳಿಗ್ಗೆ ಎರಡರಿಂದ ನಾಲ್ಕು ಕಿ.ಮೀ. ಜಾಸ್ತಿ ಬರುತ್ತದೆ ಅಂತ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ಯಾರೋ 35ರ ಸರಾಸರಿ ಹಾಕಿದ್ದು ನೋಡಿ ಮನಸ್ಸು ಕೆಡಿಸಿಕೊಳ್ಳಬೇಡಿ. ಅವರು ಗುಂಪಿನಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗಿರುತ್ತಾರೆ. ಮುಂದಿನವರ ಬೆನ್ನಿಗೆ ಅಂಟಿಕೊಂಡು ಹೋದರೆ ಗಾಳಿ ತಡೆ ಬಹಳ ಕಡಿಮೆ. ನೀವು ಒಬ್ಬರೇ ತುಳಿಯುತ್ತಿದ್ದೀರಿ.

ಸೀಟು, ಸೀಟಿನ ಮೂತಿ, ಟೈರಿನ ಗಾಳಿ, ಈ ಮೂರನ್ನು ಇದೇ ವಾರ ಸರಿ ಮಾಡಿ. ಸರಾಸರಿಯನ್ನು ದಸರಾ ಹೊತ್ತಿಗೆ ಅಳೆಯಿರಿ. ಆಗ ಮುಂಗಾರಿನ ಗಾಳಿ ಅಡಗಿರುತ್ತದೆ. ಬೆಳಿಗ್ಗೆ ಆರಕ್ಕೆ ಹೊರಟು ಅದೇ ಹರಿಹರದ ಸೇತುವೆವರೆಗೆ ಹೋಗಿ ಬನ್ನಿ.

ಅಷ್ಟರೊಳಗೆ ನಿಮ್ಮ ಎತ್ತರ, ಫ್ರೇಮ್ ಸೈಜು, ಟೈರಿನ ಅಗಲ ಇಲ್ಲೇ ಬರೆಯಿರಿ. ಪೆಡಲ್ ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗೆ ಎಷ್ಟು ಸೆಂಟಿಮೀಟರ್ ಇದೆ ಅಂತಲೂ ಅಳೆದು ಹಾಕಿ. ಸ್ಟೆಮ್, ಅಂದರೆ ಹ್ಯಾಂಡಲನ್ನು ಸೈಕಲ್ಲಿಗೆ ಜೋಡಿಸುವ ತುಂಡು, ಗಿಡ್ಡದ್ದು ಹಾಕಿಸಬೇಕಾ ಬೇಡವಾ ಅಂತ ನೋಡಿ ಹೇಳುತ್ತೇನೆ.