ಉಪಸರ್ಗ ಕಳಚಿದ ಪದಗಳ ವಿನೋದ

ಅಸಮಾಧಾನಗೊಂಡ ಎಂಬರ್ಥದ ಇಂಗ್ಲಿಷಿನ ‘ಡಿಸ್‌ಗ್ರಂಟಲ್ಡ್’ ಪದದ ಮೊದಲ ತುಂಡನ್ನು ಕಳಚಿ ನಗೆಗಾಗಿ ಸಂತುಷ್ಟ ಎಂಬರ್ಥದಲ್ಲಿ ‘ಗ್ರಂಟಲ್ಡ್’ ಮಾಡಿಕೊಂಡಂತೆ ಕನ್ನಡದಲ್ಲಿಯೂ ಮಾಡಬಹುದೇ, ಮಾಡಿದರೆ ಅದು ಭಾಷೆಗೆ ಬಗೆದ ಅಪಚಾರವಾಗುವುದೇ ಎಂದು ತಾವು ಕೇಳಿದ್ದೀರಿ. ಧಾರಾಳವಾಗಿ ಮಾಡಬಹುದು, ಅಪಚಾರವಂತೂ ಅಲ್ಲ.

ಅಚ್ಚಗನ್ನಡದ ಪದಗಳಲ್ಲಿ ಈ ಆಟಕ್ಕೆ ಎಡೆ ಕಡಿಮೆ, ಏಕೆಂದರೆ ನಮ್ಮ ಭಾಷೆ ಪ್ರತ್ಯಯಗಳನ್ನು ಪದದ ಕೊನೆಗೆ ಹಚ್ಚುತ್ತದೆ. ನಿಷೇಧವನ್ನು ಕೂಡ ‘ಅರಿಯದ’, ‘ಮುಗಿಯದ’ ಎಂದು ಕ್ರಿಯಾಪದದ ತುದಿಯಲ್ಲಿಯೇ ಸೂಚಿಸುತ್ತದೆ. ಆದ್ದರಿಂದ ಕತ್ತರಿ ಆಡಬೇಕಾದದ್ದು ಸಂಸ್ಕೃತದಿಂದ ಬಂದ ಪದಗಳ ಮೇಲೆ. ನಿಷೇಧದ ‘ಅ’ಕಾರವು ವ್ಯಾಕರಣ ಹೇಳುವ 22 ಉಪಸರ್ಗಗಳಲ್ಲಿ ಸೇರದಿದ್ದರೂ ಆಟದ ಮಟ್ಟಿಗೆ ಅದನ್ನೂ ಸೇರಿಸಿಕೊಳ್ಳುತ್ತೇನೆ.

ನನಗೆ ಅತ್ಯಂತ ಪ್ರಿಯವಾದದ್ದು ‘ಅಮೋಘ’. ಸಂಸ್ಕೃತದಲ್ಲಿ ‘ಮೋಘ’ ಎಂದರೆ ವ್ಯರ್ಥ, ನಿಷ್ಫಲ, ವ್ಯರ್ಥವಾಗದ್ದು ಅಮೋಘ. ‘ತಮ್ಮ ಭಾಷಣ ಮೋಘವಾಗಿತ್ತು’ ಎಂದರೆ ಭಾಷಣಕಾರರು ಒಂದಕ್ಷರ ಬಾಯಿತಪ್ಪಿತೆಂದು ಭಾವಿಸಿ ಸಂತೋಷದಿಂದಲೇ ಕೈಮುಗಿಯುತ್ತಾರೆ. ಹೇಳಿದವರಾದರೋ ನಿಘಂಟಿಗೆ ಒಪ್ಪುವ ಮಾತನ್ನೇ ಆಡಿರುತ್ತಾರೆ. ‘ನಿರರ್ಗಳ’ವೂ ಇದೇ ಜಾತಿಯದು. ಅರ್ಗಳವೆಂದರೆ ಬಾಗಿಲಿನ ಅಗುಳಿ. ಅಗುಳಿಯ ತಡೆಯಿಲ್ಲದೆ ಹೊರಬರುವ ಮಾತು ನಿರರ್ಗಳ. ಹಾಗಿರುವಾಗ ವಾಕ್ಯಕ್ಕೆರಡು ಸಲ ತಡವರಿಸಿದವರನ್ನು ಕುರಿತು ‘ಬಹಳ ಅರ್ಗಳವಾಗಿ ಮಾತನಾಡಿದರು’ ಎನ್ನಲು ಅಡ್ಡಿಯಿಲ್ಲ. ‘ಅವಾಚ್ಯ ಶಬ್ದಗಳಿಂದ ನಿಂದಿಸಿದರು’ ಎಂಬ ಸವೆದ ಸಾಲನ್ನು ‘ವಾಚ್ಯ ಶಬ್ದಗಳಿಂದ ಹೊಗಳಿದರು’ ಎಂದು ತಿರುಗಿಸಿದರೂ, ‘ಈ ಸಭೆ ನಿವಾರ್ಯ, ಬರದಿದ್ದರೂ ನಡೆಯುತ್ತದೆ’ ಎಂದು ಬರೆದರೂ ಓದುವವರ ತುಟಿ ಅರಳದೆ ಇರದು.

ತಾವು ‘ಅನ್ಯಾಯ’ದಿಂದ ‘ನ್ಯಾಯ’ವನ್ನು ಬಿಡಿಸಿದಾಗ ಯಾರೂ ನಗಲಿಲ್ಲವೆಂದು ಬರೆದಿದ್ದೀರಿ. ನ್ಯಾಯ ದಿನಬಳಕೆಯ ಪದ, ಅಲ್ಲಿ ಅಚ್ಚರಿಗೆ ಜಾಗವೇ ಇಲ್ಲ. ‘ಅದ್ಭುತ’ದ ‘ಅ’ ತೆಗೆದರೆ ಉಳಿಯುವುದು ನಾಲಿಗೆ ಹೊರಳದ ‘ದ್ಭುತ’. ಪಾರಸಿ ಮೂಲದ ‘ಬೇ’, ‘ನಾ’ಗಳಿಂದಲೂ ಹೆಚ್ಚಿನ ಫಸಲಿಲ್ಲ: ‘ನಾಪತ್ತೆ’ಯಲ್ಲಿ ‘ಪತ್ತೆ’ ಮೊದಲೇ ಇದೆ, ‘ಬೇಜಾರು’ ಮಾತ್ರ ‘ಜಾರು’ ಆಗಿ ಸ್ವಲ್ಪ ರಂಜಿಸುತ್ತದೆ. ಉಳಿದ ತುಂಡು ಕೇಳಿದಂತಿದ್ದೂ ಕೇಳಿರದ ಪದವಾಗಿರಬೇಕು, ಮತ್ತು ಮೂಲಪದ ಸದಾ ಕುಳಿತುಕೊಳ್ಳುವ ವಾಕ್ಯದಲ್ಲಿಯೇ ಅದನ್ನು ಕೂರಿಸಬೇಕು. ಒಂಟಿಯಾಗಿ ಹೇಳಿದ ‘ಮೋಘ’ ಯಾರನ್ನೂ ನಗಿಸುವುದಿಲ್ಲ.

ಅಪಚಾರದ ಶಂಕೆಗೆ ಭಾಷೆಯ ಚರಿತ್ರೆಯೇ ಉತ್ತರ ಕೊಡುತ್ತದೆ. ಋಗ್ವೇದದ ಹಳೆಯ ಭಾಗಗಳಲ್ಲಿ ‘ಅಸುರ’ ಎಂಬುದು ಪ್ರಭು, ಬಲಶಾಲಿ ಎಂಬರ್ಥದಲ್ಲಿ ವರುಣನಂಥ ದೇವತೆಗಳಿಗೇ ಸಲ್ಲುತ್ತಿದ್ದ ವಿಶೇಷಣ. ಮುಂದೆ ಅದರ ಮೊದಲಕ್ಷರವನ್ನು ನಿಷೇಧವೆಂದು ತಿಳಿದು ಕಳಚಿದಾಗ ದೇವತೆಗಳಿಗೆ ‘ಸುರ’ ಎಂಬ ಹೆಸರು ಹುಟ್ಟಿತು. ಕಪ್ಪು ಎಂಬರ್ಥದ ‘ಅಸಿತ’ದಿಂದ ಬಿಳುಪಿನ ‘ಸಿತ’ ಬಂದದ್ದೂ ಹೀಗೆಯೇ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ನನ್ನನ್ನು ಹೆಚ್ಚು ಬೆರಗುಗೊಳಿಸುವುದು ‘ವಿಧವಾ’. ಲ್ಯಾಟಿನ್ನಿನ ‘ವಿದುವಾ’, ಇಂಗ್ಲಿಷಿನ ‘ವಿಡೋ’ ಪದಗಳ ಒಡಹುಟ್ಟಾದ ಈ ಇಡೀ ಪದವನ್ನು ‘ವಿ’ ಮತ್ತು ‘ಧವ’ ಎಂದು ಒಡೆದು, ಗಂಡನೆಂಬ ಅರ್ಥದ ‘ಧವ’ವನ್ನು ಪಡೆದುಕೊಂಡರು. ಆ ತುಂಡು ನಿಘಂಟುಗಳಲ್ಲಿ ಎಷ್ಟು ಭದ್ರವಾಗಿ ನೆಲೆಸಿತೆಂದರೆ, ‘ಮಾಧವ’ ಎಂಬ ಹೆಸರನ್ನು ಲಕ್ಷ್ಮಿಯ ಪತಿ ಎಂದು ಬಿಡಿಸಿ ಹೇಳುವುದಕ್ಕೂ ಅದೇ ಒದಗಿಬಂದಿತು.